ಕರೆಂಟ್ ಹೋದಾಗ ಕೂಡುತ್ತಿದ್ದ ಜೋಡಿ

ಆ ಜನರೇಟರಿಗೆ ನಾನು ಕೊಟ್ಟದ್ದು ಎಂಟು ಸಾವಿರ ರೂಪಾಯಿ. ಕೊಲ್ಲಾಪುರದ ಅಂಗಡಿಯವನು ಹತ್ತು ಸಾವಿರಕ್ಕೆ ಒಂದು ರೂಪಾಯಿಯೂ ಕಡಿಮೆ ಇಲ್ಲವೆಂದು ಕೈಕಟ್ಟಿ ಕುಳಿತಿದ್ದ. ನಾನು ಅವಸರ ಮಾಡಲಿಲ್ಲ. ಬೇರೆ ಎರಡು ಅಂಗಡಿ ತಿರುಗಿ, ಅವರ ಚಹಾ ಕುಡಿದು, ಇವನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಮರಳಿ ಬಂದು ಎದುರಿಗೆ ಕುಳಿತೆ. ಡಬ್ಬಿಯ ವಾಸನೆ ಬರುತ್ತಿರುವಾಗ ಯಾರಿಗೂ ಬಹಳ ಹೊತ್ತು ಚೌಕಾಸಿ ಮಾಡಲು ಆಗುವುದಿಲ್ಲ. ಎಂಟಕ್ಕೆ ಇಳಿದ. ಸೀಮೆ ಎಣ್ಣೆ ಹಾಕುವ ಲಾಳಿಕೆಯನ್ನೂ ಬಸ್ಸಿನ ಮೇಲೆ ಕಟ್ಟಲು ಹಗ್ಗವನ್ನೂ ಪುಕ್ಕಟೆ ಕೊಟ್ಟ.

ಅಷ್ಟು ದುಡ್ಡು ಹಾಕಿದ್ದು ಯಾಕೆಂದರೆ, ಬನಹಟ್ಟಿಯ ಇಬ್ಬರು ಮನುಷ್ಯರು ಒಂದೇ ಹೊತ್ತಿನಲ್ಲಿ ಕುಳಿತು ಬಾರಿಸಲಿ ಎಂದು. ಒಬ್ಬನ ಬಳಿ ಇದ್ದದ್ದು ಎಲೆಕ್ಟ್ರಿಕ್ ಗಿಟಾರು. ಅದಕ್ಕೆ ಕರೆಂಟ್ ಬೇಕು. ಇನ್ನೊಬ್ಬನು ಪವರ್‌ಲೂಮ್ ನಡೆಸುವವನು. ಅದಕ್ಕೂ ಕರೆಂಟ್ ಬೇಕು. ಕರೆಂಟ್ ಇದ್ದಾಗ ನೇಕಾರನಿಗೆ ಬಿಡುವಿಲ್ಲ, ನೇಕಾರನಿಗೆ ಬಿಡುವಾದಾಗ ಗಿಟಾರಿಗೆ ಜೀವವಿಲ್ಲ. ಇದಕ್ಕೆ ಔಷಧ ಜನರೇಟರು ಎಂದು ಯಾವ ಬುದ್ಧಿವಂತನಾದರೂ ಹೇಳುತ್ತಿದ್ದ. ನಾನೂ ಹಾಗೆಯೇ ಅಂದುಕೊಂಡೆ. ಆ ಜನರೇಟರು ಬಂದು ಹದಿನೈದು ದಿನವಾಗುವಷ್ಟರಲ್ಲಿ ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟಿದ್ದರು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ, ಇಲ್ಲವಾದರೆ ಇವನಿಗೇಕೆ ಈ ಉಸಾಬರಿ ಎನ್ನುತ್ತೀರಿ. ಜಮಖಂಡಿಯಲ್ಲಿ ನನ್ನದು ಲೌಡ್‌ಸ್ಪೀಕರ್ ಬಾಡಿಗೆಯ ಅಂಗಡಿ. ಅದಕ್ಕೂ ಮೊದಲು ರಬಕವಿಯ ಸೀರೆಗಳನ್ನು ಗಂಟು ಕಟ್ಟಿ, ಸೈಕಲ್ಲಿನ ಹಿಂದೆ ಹೇರಿಕೊಂಡು, ಮುಧೋಳ ಮತ್ತು ಬೀಳಗಿಯ ಸಂತೆಗಳಲ್ಲಿ ಮಾರುತ್ತಿದ್ದೆ. ಒಂದು ಸಂತೆಯ ದಿನ ಕೂಗಿ ಕೂಗಿ ಗಂಟಲು ಹೋಗಿ, ಪಕ್ಕದವನಿಂದ ಮೈಕು ಬಾಡಿಗೆಗೆ ತಂದೆ. ಸಂಜೆ ಬಾಡಿಗೆ ಎಣಿಸಿ ಕೊಡುವಾಗ ತಲೆಗೆ ಹೊಳೆಯಿತು: ಸೀರೆ ಮಾರುವವನಿಗಿಂತ ಮೈಕು ಕೊಡುವವನು ಆರಾಮ ಇದ್ದಾನೆ, ಅವನ ಮಾಲು ದಿನಾ ಸಂಜೆ ಮರಳಿ ಮನೆಗೆ ಬರುತ್ತದೆ. ಮರುವರ್ಷ ಸೈಕಲ್ಲಿನ ಹಿಂದೆ ಸೀರೆಯ ಬದಲು ಕಹಳೆಯಂಥ ಎರಡು ಸ್ಪೀಕರುಗಳಿದ್ದವು.

ಎಂಬತ್ತರ ದಶಕ ಬಂದಾಗ ಮದುವೆಗಳಿಗೆ ಬರೀ ಸ್ಪೀಕರು ಸಾಲದಾಯಿತು. ಎಲ್ಲರಿಗೂ ಆರ್ಕೆಸ್ಟ್ರಾ ಬೇಕು. ಆರ್ಕೆಸ್ಟ್ರಾ ಎಂದರೆ ಕೊಲ್ಲಾಪುರದಿಂದ ಬರಬೇಕು. ಅವರು ಬಸ್ ಚಾರ್ಜು, ಊಟ, ಎಲೆ ಅಡಿಕೆ, ಎಲ್ಲಾ ಬೇರೆ ಬೇರೆ ಕೇಳುವವರು. ನಮ್ಮ ಭಾಗದಲ್ಲೇ ಒಂದನ್ನು ಕಟ್ಟಿದರೆ ಹೇಗೆ ಎಂದು ನಾನು ಹುಡುಕುತ್ತಿದ್ದೆ. ಒಂದು ಸಂಜೆ ಬನಹಟ್ಟಿಯ ಮದುವೆಮನೆಯೊಂದರಿಂದ ನನ್ನ ಸ್ಪೀಕರುಗಳನ್ನು ಬಿಚ್ಚಿಸಿಕೊಂಡು ಹೊರಟಾಗ ಅವರಿಬ್ಬರೂ ಸಿಕ್ಕರು.

ಬನಹಟ್ಟಿಯಲ್ಲಿ ಕರೆಂಟ್ ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಇಡೀ ಓಣಿಯ ಮಗ್ಗಗಳು ಒಮ್ಮೆಲೆ ನಿಲ್ಲುತ್ತವೆ. ಅದುವರೆಗೆ ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡುತ್ತಿದ್ದವರು ಇನ್ನೂ ಒಂದೆರಡು ಮಾತು ಹಾಗೇ ಕೂಗಿಬಿಡುತ್ತಾರೆ. ಅಂದು ಒಬ್ಬ ಹೆಣ್ಣುಮಗಳು ನೆರೆಮನೆಯವಳಿಗೆ ತನ್ನ ನಾದಿನಿಯ ಬಗ್ಗೆ ಹೇಳುತ್ತಿದ್ದ ಗುಟ್ಟು ನನಗೂ, ನನ್ನ ಎತ್ತಿನ ಗಾಡಿಯವನಿಗೂ, ಓಣಿಯ ಕೊನೆಯ ಪಾನ್ ಅಂಗಡಿಗೂ ಕೇಳಿಸಿತು. ಆಮೇಲೆ ಗುಬ್ಬಿಗಳ ಸದ್ದು. ಆ ಸದ್ದಿನ ಸಂದಿಯಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆ.

ಒಂದು ಮಗ್ಗದ ಶೆಡ್ಡಿನ ಕಟ್ಟೆಯ ಮೇಲೆ ಇಬ್ಬರು ಕುಳಿತಿದ್ದರು. ಒಬ್ಬನದು ಇಸ್ತ್ರಿ ಪ್ಯಾಂಟು, ಕಿಸೆಯಲ್ಲಿ ಪೆನ್ನು, ತೊಡೆಯ ಮೇಲೆ ಕೆಂಪು ಗಿಟಾರು. ಅದರ ವೈರು ಎಲ್ಲಿಯೂ ಸಿಕ್ಕಿಸದೆ ನೆಲಕ್ಕೆ ಜೋತುಬಿದ್ದಿತ್ತು. ಇನ್ನೊಬ್ಬನು ಬನಿಯನ್ನು ತೊಟ್ಟ ನೇಕಾರ, ತಲೆಗೂದಲ ತುಂಬ ನೂಲಿನ ಧೂಳು. ಅವನು ತನ್ನ ಕಿವಿಯನ್ನು ಗಿಟಾರಿನ ಹೊಟ್ಟೆಗೆ ಒತ್ತಿ ಹಿಡಿದು, ಬೆರಳಿನ ಉಗುರಿನಿಂದ ಒಂದು ನೂಲಿನ ರಟ್ಟಿನ ಡಬ್ಬಿಯನ್ನು ಮೆಲ್ಲಗೆ ತಟ್ಟುತ್ತಿದ್ದ.

"ಏನ್ ಮಾಡಾಕತ್ತೀರಿ?" ಎಂದೆ.

ನೇಕಾರನು ಕಣ್ಣು ತೆರೆಯದೆ ಕೈಯೆತ್ತಿ ನನ್ನನ್ನು ತಡೆದ. ತಂತಿಯ ನಾದ ಮುಗಿದ ಮೇಲೆ ಎದ್ದು ಕುಳಿತು, "ಈಗ ಮಾತಾಡ್ರಿ ಅಣ್ಣಾರ," ಎಂದ.

"ಕಿವಿ ಯಾಕ ಹಚ್ಚಿದಿಪಾ?"

"ಕರೆಂಟ್ ಇಲ್ಲದಾಗ ಇದು ಸೊಳ್ಳಿ ಅಂದಂಗ ಅಂತೈತ್ರಿ. ಕಿವಿ ಹಚ್ಚಿದ್ರ ಅಷ್ಟ ಕೇಳತೈತಿ."

"ಕರೆಂಟ್ ಬಂದ ಮ್ಯಾಲ ಬಾರಿಸ್ರಲಾ."

"ಕರೆಂಟ್ ಬಂದ್ರ ನಾ ಎಲ್ಲಿ ಇರತೇನ್ರಿ? ಮಗ್ಗದ ಮುಂದ."

ಗಿಟಾರಿನವನು ನಕ್ಕು ನನ್ನ ಕಡೆ ತಿರುಗಿದ. "ನಮ್ಮಿಬ್ಬರ ಜಾತಕಾನೇ ಹಿಂಗ ಅದ ನೋಡ್ರಿ. ನಂದು ಬ್ಯಾಂಕ್ ಮುಗಿಯೋದು ಸಂಜೀಕೆ. ಇವಂದು ಮಗ್ಗ ನಿಲ್ಲೋದು ಸಂಜೀಕೆ. ಕರೆಂಟ್ ಹೋಗೋದೂ ಸಂಜೀಕೆ."

ಅವನು ಜಮಖಂಡಿಯ ಹಳೆಯ ಮನೆತನದವನು. ತಂದೆ, ಚಿಕ್ಕಪ್ಪ, ಅಣ್ಣ ಎಲ್ಲರೂ ಸಂಬಳದ ನೌಕರಿಯಲ್ಲಿ. ಇವನು ಬನಹಟ್ಟಿಯ ಬ್ಯಾಂಕಿನಲ್ಲಿ ಗುಮಾಸ್ತ. ಪುಣೆಯಲ್ಲಿ ಕಾಲೇಜು ಓದುವಾಗ ಇಂಗ್ಲಿಷ್ ರಾಕ್ ಸಂಗೀತದ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ನೇಕಾರನು ಅವನನ್ನು ಜನರ ಎದುರಿಗೆ "ರಾಯರ" ಎನ್ನುತ್ತಿದ್ದ, ಜಗಳ ಬಂದಾಗ "ಲೇ ರಾಯಾ" ಎನ್ನುತ್ತಿದ್ದ. ನಾನೂ ಅವನನ್ನು ರಾಯ ಎಂದೇ ಕರೆಯುತ್ತೇನೆ.

ಅಂದು ಆ ಕಟ್ಟೆಯ ಮೇಲೆ ಅವರು ಒಂದು ಹಾಡು ಕಟ್ಟುತ್ತಿದ್ದರು. ಟ್ಯೂನು ರಾಯನದು, ಮಾತು ನೇಕಾರನದು ಎಂದು ಹೇಳಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಖರೆ ಅಲ್ಲ. ರಾಯ ಉದ್ದದ ಟ್ಯೂನೊಂದನ್ನು ನುಡಿಸಿದರೆ ನೇಕಾರ, "ಇದರಾಗ ಉಸರ ತಗೊಳ್ಳಾಕ ಜಾಗಾನ ಇಲ್ಲಲೋ, ಹಾಡಾವ ಸಾಯಬೇಕೇನ?" ಎಂದು ಅರ್ಧಕ್ಕೆ ಕತ್ತರಿಸಿಬಿಡುತ್ತಿದ್ದ. ನೇಕಾರ ನಾಲ್ಕು ಸಾಲು ಹೇಳಿದರೆ ರಾಯ ಎರಡನ್ನು ತೆಗೆದುಬಿಡುತ್ತಿದ್ದ. "ಅದು ಹಿಂದಿನ ಸಾಲಿನೊಳಗೇ ಬಂತಲ್ಲೋ, ಮತ್ತ್ಯಾಕ?" ಉಳಿದದ್ದು ಇಷ್ಟು:

ಕರೆಂಟು ಹೋತ, ಮಗ್ಗ ನಿಂತ್ವು,
ಆಗ ಕೇಳಿತ ನಿನ್ನ ಕಾಲ್ಗೆಜ್ಜಿ.

ಎರಡೇ ಸಾಲು. ಅವರ ಮುಂದೆ ನಾನು ತೋರಿಸಿಕೊಳ್ಳಲಿಲ್ಲ, ಮಾಲು ಛಲೋ ಇದ್ದರೆ ಮುಖದ ಮೇಲೆ ತೋರಿಸಬಾರದು. ಆದರೆ ಅಲ್ಲಿಯೇ ನಿರ್ಧಾರ ಮಾಡಿದೆ.

ಮಿರಜಕ್ಕೆ ಹೋಗಿ ಒಂದು ಹಳೆಯ ಡ್ರಮ್ ಸೆಟ್ ತಂದೆ. ಆಂಪ್ಲಿಫೈಯರು ನನ್ನ ಅಂಗಡಿಯದೇ. ಹಾಡಲು ನೇಕಾರನಿಗೇ ಗಂಟಲಿತ್ತು. ಆರ್ಕೆಸ್ಟ್ರಾ ಎಂದರೆ ಇಬ್ಬರೇನಾ ಎಂದು ಕೇಳುವವರಿಗೆ ನಾನು, "ಊಟದ ಎಲಿ ಎರಡ ಹಾಕ್ರಿ, ನಿಮಗೂ ಉಳಿತಾಯ," ಎನ್ನುತ್ತಿದ್ದೆ.

ರವಿವಾರ ಮಧ್ಯಾಹ್ನವೂ ಕರೆಂಟ್ ಇರುತ್ತಿರಲಿಲ್ಲ, ಆಗ ನಾವು ಮೂವರೂ ರಾಯನ ಬಾಡಿಗೆ ಕೋಣೆಯಲ್ಲಿ ಕೂಡುತ್ತಿದ್ದೆವು. ಅವನ ಬಳಿ ಸೆಲ್ಲಿನ ಮೇಲೆ ನಡೆಯುವ ಒಂದು ಟೇಪ್ ರೆಕಾರ್ಡರು, ಒಂದು ಟ್ರಂಕಿನ ತುಂಬ ಕ್ಯಾಸೆಟ್ಟುಗಳು. ಮಾತು ನಮಗೆ ತಿಳಿಯದು. ರಾಯ ಅರ್ಥ ಹೇಳುತ್ತಿದ್ದ, ಅದೂ ಅವನಿಗೆ ಪೂರಾ ತಿಳಿದಿತ್ತೆಂದು ನನಗೆ ನಂಬಿಕೆ ಇಲ್ಲ. ಆದರೆ ಒಂದನ್ನು ನಾನು ಬೇಗ ಕಂಡುಹಿಡಿದೆ. ಯಾವ ಬ್ಯಾಂಡಾದರೂ ಇರಲಿ, ನಾಲ್ಕೈದು ಜನರ ಫೋಟೋ ಹಾಕಿದ್ದರೂ, ಒಳಗಿನ ವ್ಯವಹಾರ ಇಬ್ಬರದೇ ಇರುತ್ತಿತ್ತು. ಒಬ್ಬರ ಎದುರು ಒಬ್ಬರು ಮಂಚದ ಮೇಲೆ ಕುಳಿತು ಹಾಡು ಬರೆದವರು. ಒಬ್ಬನು ಹಾಡುವಾಗ ಇನ್ನೊಬ್ಬನು ಗಿಟಾರಿನಲ್ಲಿ ಎದುರು ಜವಾಬು ಕೊಡುವವರು. ವೇದಿಕೆಯ ಹಿಂದೆ ಕೊರಳಪಟ್ಟಿ ಹಿಡಿದು, ವೇದಿಕೆಯ ಮೇಲೆ ಬಂದು ಒಂದೇ ಮೈಕಿಗೆ ಬಾಯಿ ಹಚ್ಚುವ ಅಣ್ಣತಮ್ಮಂದಿರು. ಅವರ ಹೆಸರು ನಮ್ಮ ನಾಲಗೆಗೆ ಏರಲಿಲ್ಲವಾದ್ದರಿಂದ ನೇಕಾರನು ತಾನೇ ಹೆಸರಿಟ್ಟಿದ್ದ: ಮಂಚದ ಜೋಡಿ, ಜವಾಬಿನ ಜೋಡಿ, ದಾಯಾದಿ ಜೋಡಿ.

"ನಿಮಗ ಯಾವ ಜೋಡಿ ಸೇರತೈತ್ರಿ ಅಣ್ಣಾರ?" ಎಂದು ಅವನು ಒಮ್ಮೆ ಕೇಳಿದ.

"ಜವಾಬಿನ ಜೋಡಿ," ಎಂದೆ. ಸಂತೆಯಲ್ಲಿ ಬೆಳೆದವನಿಗೆ ಅದೇ ಸೇರುವುದು. ಅವನು ಒಂದು ಹೇಳುತ್ತಾನೆ, ಇವನು ಒಂದು ಕೇಳುತ್ತಾನೆ, ಕೊನೆಗೆ ಇಬ್ಬರೂ ಒಂದು ದರಕ್ಕೆ ಬಂದು ನಿಲ್ಲುತ್ತಾರೆ.

"ನನಗ ದಾಯಾದಿ ಜೋಡಿ," ಎಂದ ನೇಕಾರ. "ಅವರಾಗ ಸುಳ್ಳ ಇಲ್ಲ."

ರಾಯ ಕ್ಯಾಸೆಟ್ಟು ತಿರುವುತ್ತಾ, "ಎಷ್ಟೋ ಜೋಡಿ ಅರ್ಧಕ್ಕೇ ಮುರದಾವ. ಮುರದ ಮ್ಯಾಲ ಒಬ್ಬೊಬ್ಬರೇ ಮಾಡಿದ ಹಾಡೂ ಇದರಾಗ ಅವ," ಎಂದು ಒಂದನ್ನು ಹಾಕಿದ. ನಾವು ಕೇಳಿದೆವು. ಬಾರಿಸಿದ್ದು ತಪ್ಪಿರಲಿಲ್ಲ, ಹಾಡಿದ್ದು ತಪ್ಪಿರಲಿಲ್ಲ. ನೇಕಾರನು ಮುಗಿಯುವ ಮೊದಲೇ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ.

ನಮ್ಮ ಮೊದಲ ದೊಡ್ಡ ಕಾರ್ಯಕ್ರಮ ಬೀಳಗಿಯಲ್ಲಿ, ಒಬ್ಬ ಕಿರಾಣಿ ವ್ಯಾಪಾರಿಯ ಮನೆಯ ಮದುವೆಯಲ್ಲಿ. ನನಗೆ ಒಳಗೊಳಗೇ ಅಂಜಿಕೆ. ಆಂಪ್ಲಿಫೈಯರು, ಡ್ರಮ್ಮು, ಎಲ್ಲಾ ಇದ್ದರೂ ಇವರಿಗೆ ಕಟ್ಟೆಯ ಮೇಲಿನ ರೂಢಿ ಬಿಡದು. ಗಿಟಾರು ಮೆಲ್ಲಗೆ, ಡ್ರಮ್ಮು ಅದಕ್ಕಿಂತ ಮೆಲ್ಲಗೆ. ಮೊದಲು ಜನ ಗುಸುಗುಸು ಮಾಡಿದರು. ಆಮೇಲೆ ಹಿಂದಿನವರು ಮುಂದಿನವರಿಗೆ ಸುಮ್ಮನಿರಲು ಹೇಳಿದರು. ಆಮೇಲೆ ಕುರ್ಚಿ ಎಳೆಯುವ ಸದ್ದು. "ಕರೆಂಟು ಹೋತ" ಹಾಡಿನ ಎರಡನೆಯ ಸಾಲಿಗೆ ಹೆಣ್ಣುಮಕ್ಕಳ ಕಡೆಯಿಂದ ಯಾರೋ ಬೇಕೆಂದೇ ಕಾಲ್ಗೆಜ್ಜೆ ಅಲುಗಿಸಿದರು, ಇಡೀ ಚಪ್ಪರ ನಕ್ಕಿತು. ಕೊನೆಯ ಬಸ್ಸಿಗೆ ಹೋಗಬೇಕಾಗಿದ್ದ ಬಾಗಲಕೋಟೆಯ ಬೀಗರು ಬಸ್ಸು ತಪ್ಪಿಸಿಕೊಂಡು, ಬೆಳಗ್ಗೆ ನನ್ನನ್ನೇ ಬೈದರು. ಅಂಥ ಬೈಗುಳ ಜಾಹೀರಾತಿಗಿಂತ ಮೇಲು.

ಅಂದು ಚಪ್ಪರದಲ್ಲಿ ಇಬ್ಬರು ಮುಖ್ಯ ಮನುಷ್ಯರಿದ್ದರು. ಒಬ್ಬರು ಮುಧೋಳದ ಕಡೆಯ ಕಬ್ಬಿನ ಗೌಡರು. ತಮ್ಮ ಮಗಳ ಮದುವೆಗೆ ಇವರೇ ಬೇಕೆಂದು ಅಲ್ಲಿಯೇ ಮುಂಗಡ ಕೊಟ್ಟರು. ಒಂದೇ ಕರಾರು: ಆ ಮದುವೆಗೆಂದೇ ಒಂದು ಹೊಸ ಹಾಡು ಇರಬೇಕು, ಬೇರೆ ಯಾರ ಮದುವೆಯಲ್ಲೂ ಹಾಡಿರಬಾರದು. ಇನ್ನೊಬ್ಬನು ಕೊಲ್ಲಾಪುರದ ಆರ್ಕೆಸ್ಟ್ರಾದ ಮ್ಯಾನೇಜರು, ತನ್ನ ಗಿರಾಕಿಗಳನ್ನು ಯಾರು ಎಳೆಯುತ್ತಿದ್ದಾರೆಂದು ನೋಡಲು ಬಂದವನು. ಅವನು ರಾಯನನ್ನು ಪಕ್ಕಕ್ಕೆ ಕರೆದು ಮಾತಾಡಿದ್ದು ನನಗೆ ಆಮೇಲೆ ತಿಳಿಯಿತು.

ಮುಂಗಡ ಕಿಸೆಗೆ ಬಿದ್ದ ಮೇಲೆಯೇ ನಾನು ಕೊಲ್ಲಾಪುರಕ್ಕೆ ಹೋಗಿ ಜನರೇಟರು ತಂದದ್ದು. ಮದುವೆಗೆ ಒಂದು ತಿಂಗಳೂ ಇರಲಿಲ್ಲ. ಇವರು ಸೊಳ್ಳೆಯ ಸದ್ದಿನಲ್ಲಿ ಹಾಡು ಕಟ್ಟುತ್ತಾ ಕುಳಿತರೆ ಯಾವಾಗ ಮುಗಿಯಬೇಕು?

ನೇಕಾರನ ತಾಯಿ ಶೆಡ್ಡಿನ ಬಾಗಿಲಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಜನರೇಟರು ಗಾಡಿಯಿಂದ ಇಳಿಯುವುದನ್ನು ನೋಡಿ ಅವಳ ಮುಖ ಅರಳಿತು.

"ಛಲೋ ಆತು ನೋಡ ತಮ್ಮಾ. ಇನ್ನ ಕರೆಂಟ್ ಹೋದ್ರೂ ಮಗ್ಗ ನಡೀತಾವಲ್ಲಾ?"

"ಮಗ್ಗ ಎಳ್ಯೂವಷ್ಟು ಕಸುವು ಇದಕ್ಕಿಲ್ಲವಾ. ಇದು ಗಿಟಾರಿಗೆ ಅಷ್ಟ."

"ದುಡಿಯಾಕ ಬರೂದಿಲ್ಲ, ಒದರಾಕ ಅಷ್ಟ ಬರತೈತಿ ಅನ್ನು," ಎಂದು ಅವಳು ಮತ್ತೆ ನೂಲಿಗೆ ತಿರುಗಿದಳು.

ಒದರಿತು, ಖರೆ. ಶೆಡ್ಡಿನ ಹಿಂದೆ ಇಟ್ಟರೂ ಫಟಫಟ ಸದ್ದು ಗೋಡೆ ದಾಟಿ ಬರುತ್ತಿತ್ತು. ಆ ಸದ್ದಿನ ಮೇಲೆ ಕೇಳಬೇಕೆಂದು ರಾಯ ಗಿಟಾರಿನ ಸದ್ದು ಏರಿಸಿದ. ಗಿಟಾರಿನ ಮೇಲೆ ಕೇಳಬೇಕೆಂದು ನೇಕಾರ ರಟ್ಟಿನ ಡಬ್ಬಿ ಬಿಟ್ಟು ಡ್ರಮ್ಮಿನ ಕಟ್ಟಿಗೆ ಎತ್ತಿದ. ನಾಲ್ಕನೆಯ ದಿನ ರಾಯ ನನ್ನ ಅಂಗಡಿಗೆ ಬಂದು, "ನನಗ ನನ್ನ ಗಿಟಾರೇ ಕೇಳ್ಸಂಗಿಲ್ರೀ," ಎಂದ. ನಾನು ಅವನ ಪಕ್ಕಕ್ಕೆ ಒಂದು ಸ್ಪೀಕರು ಕೊಟ್ಟೆ. ಮರುದಿನ ನೇಕಾರನು ಬಂದು, "ರಾಯನ ಸ್ಪೀಕರ್ ನನ್ನ ಕಿವಿಗೇ ಬಡೀತೈತ್ರಿ, ನನ್ನ ದನಿ ನನಗ ಕೇಳವಲ್ದು," ಎಂದ. ಅವನಿಗೂ ಒಂದು ಕೊಟ್ಟೆ. ದೂರು ಬಂದರೆ ಸಾಮಾನು ಕೊಡುವುದು ನನ್ನ ದಂಧೆ. ಎರಡು ಸ್ಪೀಕರು ಒಂದಕ್ಕೊಂದು ಕೂಗಾಡುತ್ತವೆಂದು ನಾನೇ ಅವರಿಬ್ಬರನ್ನೂ ಶೆಡ್ಡಿನ ಎರಡು ತುದಿಗೆ ಕೂರಿಸಿದೆ. ಹೆಚ್ಚು ವೈರು ಬೇಕಾಯಿತು, ಅದನ್ನೂ ತಂದೆ.

ಹೊಸ ಹಾಡು ಮಾತ್ರ ಬರಲಿಲ್ಲ. ರಾಯ ಟ್ಯೂನು ನುಡಿಸುತ್ತಿದ್ದ, ನೇಕಾರನು ಅದರಲ್ಲಿ ಉಸಿರಿಗೆ ಜಾಗ ಇದೆಯೋ ಇಲ್ಲವೋ ಹೇಳುತ್ತಿರಲಿಲ್ಲ, ಹೇಳಿದರೆ ಆ ತುದಿಗೆ ಕೇಳುವುದೂ ಇಲ್ಲ. ನೇಕಾರ ಹತ್ತು ಸಾಲು ಹಾಡುತ್ತಿದ್ದ, ಯಾರೂ ತೆಗೆಯುವವರಿಲ್ಲ. ಇಬ್ಬರದೂ ಪೂರಾ ಹಾಡೇ, ಆದರೆ ಎರಡು ಹಾಡು.

ಕೊನೆಗೆ ಒಂದು ಸಂಜೆ ಜಗಳವಾಯಿತು. ನಾನು ಎದುರಿಗೇ ಇದ್ದೆ. ಜನರೇಟರು ಓಡುತ್ತಿದ್ದರಿಂದ ಜಗಳವನ್ನೂ ಅವರು ಕೂಗಿಯೇ ಆಡಬೇಕಾಯಿತು.

"ನೀ ಬಾರಿಸೋದು ತಾಳ ಅಲ್ಲೋ, ಬಾಗಲಾ ಬಡಿಯೋದು," ಎಂದ ರಾಯ.

"ಲೇ ರಾಯಾ, ಬಾಗಲಾ ತಗದ್ರ ಯಾಕ ಬಡೀತಿದ್ನಿ? ನೀ ಒಳಗ ಒಬ್ಬನ ಕುಂತಿ."

"ಕೊಲ್ಲಾಪುರದವ್ರು ರವಿವಾರಕ್ಕೊಮ್ಮೆ ಬಾ ಅಂದಾರ. ಅಲ್ಲಿ ಡ್ರಮ್ಮಿನವ ಸುಮ್ಮನ ಹೇಳಿದಷ್ಟು ಬಾರಿಸ್ತಾನಂತ."

"ಹೋಗ ಹಂಗಾರ. ನನಗ ಮಗ್ಗ ಐತಿ."

ಮದುವೆಗೆ ಹತ್ತು ಹನ್ನೆರಡು ದಿನ ಉಳಿದಿತ್ತು. ನಾನು ಇಬ್ಬರ ಬಳಿಯೂ ಬೇರೆ ಬೇರೆ ಹೋಗಿ, ಮಾತಿನಲ್ಲಿ ನನಗೆ ಬರುವ ಎಲ್ಲಾ ಕಸರತ್ತು ಮಾಡಿದೆ. ರಾಯನಿಗೆ, ಗೌಡರ ಮನೆಯ ಮದುವೆಗೆ ನಿಮ್ಮ ಬ್ಯಾಂಕಿನ ದೊಡ್ಡ ಸಾಹೇಬರು ಬರುತ್ತಾರೆಂದೆ. ನೇಕಾರನಿಗೆ, ಹೊಸ ಡ್ರಮ್ ಸೆಟ್ ಕೊಡಿಸುತ್ತೇನೆಂದೆ. ಇಬ್ಬರೂ ಮದುವೆಗೆ ಬರುತ್ತೇವೆ ಎಂದರು, ಮಾತು ಕೊಟ್ಟಿದ್ದೇವೆ ಎಂದರು. ಅದು ಮುಗಿದ ಮೇಲೆ ಬೇರೆ ಬೇರೆ ಎಂದರು. ಸಂತೆಯಲ್ಲಿ ಎಷ್ಟು ವರ್ಷ ಕಳೆದರೂ, ಗಿರಾಕಿ ಬೆಲೆಯ ಬಗ್ಗೆ ಜಗಳವಾಡದೆ ಸುಮ್ಮನೆ ಎದ್ದು ಹೋದರೆ ಅದಕ್ಕೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ನನಗೆ ಮುಂಗಡದ ಚಿಂತೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಟ್ರಂಕಿನ ಆ ಒಂಟಿ ಕ್ಯಾಸೆಟ್ಟು ನೆನಪಾಗುತ್ತಿತ್ತು. ಬಾರಿಸಿದ್ದು ತಪ್ಪಿಲ್ಲ, ಹಾಡಿದ್ದು ತಪ್ಪಿಲ್ಲ, ಕೇಳುವವನು ಎದ್ದು ಬೀಡಿಗೆ ಹೋಗುತ್ತಾನೆ.

ಅಷ್ಟರಲ್ಲಿ ತುಬಚಿಯಿಂದ ಗಿರಾಕಿ ಬಂದರು. ಊರಲ್ಲಿ ಪುರಾಣ ಹಚ್ಚಿದ್ದಾರೆ, ಸಂಜೆ ಸ್ವಾಮಿಗಳು ಹೇಳಲು ಕುಳಿತರೆ ಕರೆಂಟ್ ಹೋಗುತ್ತದೆ, ಒಂದು ವಾರ ಜನರೇಟರು ಬಾಡಿಗೆಗೆ ಬೇಕು, ಮೈಕಿಗೂ ಎರಡು ಬಲ್ಬಿಗೂ. ನಾನು ಯೋಚಿಸಿದೆ: ಬನಹಟ್ಟಿಯಲ್ಲಿ ಅದು ಸುಮ್ಮನೆ ನಿಂತಿದೆ, ಇಬ್ಬರೂ ಅದರ ಹತ್ತಿರ ಬರುತ್ತಿಲ್ಲ. ಬರಬಹುದಾದ ಬಾಡಿಗೆ ಬಿಡುವುದು ಯಾವ ಶಾಸ್ತ್ರ? ಯಾರಿಗೂ ಹೇಳದೆ ಗಾಡಿ ಕಳಿಸಿ, ಜನರೇಟರನ್ನೂ ಎರಡೂ ಸ್ಪೀಕರುಗಳನ್ನೂ ಆಂಪ್ಲಿಫೈಯರನ್ನೂ ತುಬಚಿಗೆ ಸಾಗಿಸಿದೆ. ಅವರು ಬೈದರೆ ಬೈಯಲಿ.

ಬೈಗುಳ ತಿನ್ನಲು ತಯಾರಾಗಿಯೇ ಮೂರ್ನಾಲ್ಕು ದಿನ ಬಿಟ್ಟು ಬನಹಟ್ಟಿಗೆ ಹೋದೆ. ನಾನು ಓಣಿಯ ಬಾಯಿಗೆ ಬರುವಾಗ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಗುಬ್ಬಿಗಳ ಸದ್ದು ಕೇಳಿತು. ಆಮೇಲೆ ಸೊಳ್ಳೆಯ ಸದ್ದು.

ತಾಯಿ ಬಾಗಿಲಲ್ಲೇ ನನ್ನನ್ನು ತಡೆದು ಬಾಯಿಯ ಮೇಲೆ ಬೆರಳಿಟ್ಟಳು. "ಸುಮ್ಕ ಕುಂದ್ರ ತಮ್ಮಾ. ಈಗರ ಕೂಡ್ಯಾರ."

"ಹೆಂಗ ಕೂಡಿದ್ರವಾ?" ಎಂದು ಪಿಸುಗುಟ್ಟಿದೆ.

"ಏನ್ ಹೇಳ್ಲಿ. ರಾಯಪ್ಪ ನಿನ್ನೆ ತನ್ನ ಗಿಟಾರ ಒಯ್ಯಾಕ ಬಂದಿದ್ದ. ಚೀಲಾ ಹುಡಕೂದ್ರಾಗ ಕರೆಂಟ್ ಹೋತು. ಚೀಲದಾಗ ಇಡೂಕಿಂತ ಮೊದಲ ಒಂದ್ ಸಲ ತಂತಿ ಎಳದು ನೋಡಿದ. ನನ್ನ ಮಗ ಅತ್ತಾಗ ಮುಖ ಮಾಡಿ ಕುಂತಾವ, 'ಅದು ತಪ್ಪೈತಿ' ಅಂದ. 'ಎಲ್ಲಿ ತಪ್ಪೈತಿ ತೋರ್ಸು' ಅಂದ ಇಂವ. ತೋರ್ಸಬೇಕಂದ್ರ ಕಿವಿ ಹಚ್ಚಬೇಕಲಾ." ಅವಳು ನೂಲಿನ ತುದಿಯನ್ನು ಹಲ್ಲಿನಲ್ಲಿ ಕಡಿದಳು. "ಆತು, ಕುಂತ್ರು. ಚಾ ಎರಡ ಸಲ ಆರಿ ಹೋತು."

ನಾನು ಬಗ್ಗಿ ನೋಡಿದೆ. ನೇಕಾರನ ಕಿವಿ ಗಿಟಾರಿನ ಮೇಲೆ. ರಾಯನ ಮೂಗಿನ ತುದಿಗೆ ಅವನ ತಲೆಯ ನೂಲಿನ ಧೂಳು ತಾಗಿ ಸೀನು ಬರುತ್ತಿತ್ತು, ತಡೆದುಕೊಂಡಿದ್ದ. ಉಗುರು ರಟ್ಟಿನ ಡಬ್ಬಿಯ ಮೇಲೆ ಓಡುತ್ತಿತ್ತು.

ಕಿಡಕಿ ಒಂದ, ಕಣ್ಣ ನಾಕ,
ಸರದು ಕುಂಡ್ರ, ಜಾಗ ಸಾಕ.

ಮದುವೆಯಾಗಿ ಬಸ್ಸಿನಲ್ಲಿ ಹೊರಟ ಗಂಡಹೆಂಡಿರ ಹಾಡು. ಅವರಿಬ್ಬರೂ ಅದನ್ನು ಯಾರ ಮೇಲೆ ಕಟ್ಟಿದ್ದರೆಂದು ನಾನು ಕೇಳಲಿಲ್ಲ.

ಹಾಡು ನಿಂತ ಮೇಲೆ ನೇಕಾರನು ತಲೆ ಎತ್ತಿ ನನ್ನನ್ನು ನೋಡಿದ. "ಅಣ್ಣಾರ, ನಿಮ್ಮ ಜನರೇಟರ್ ಕಳವ ಆಗೈತಿ ನೋಡ್ರಿ."

"ತುಬಚ್ಯಾಗ ಐತಿ. ತರಸ್ಲೇನ?"

ಇಬ್ಬರೂ ಒಟ್ಟಿಗೇ "ಬ್ಯಾಡ್ರಿ" ಎಂದರು. ಜನರೇಟರು ಬಂದ ಮೇಲೆ ಅವರು ಒಟ್ಟಿಗೆ ಆಡಿದ ಮೊದಲ ಮಾತು ಅದು. ಆ ಹೊತ್ತಿಗೆ ನನಗೂ ವಿಷಯ ಇಳಿದಿತ್ತು. ಇವರಿಗೆ ಕರೆಂಟಿನ ಕೊರತೆ ಇದ್ದದ್ದು ಹೌದು, ಆದರೆ ಆ ಕೊರತೆಯೇ ಇವರಲ್ಲಿ ಒಬ್ಬನ ಕಿವಿಯನ್ನು ಇನ್ನೊಬ್ಬನ ಗಿಟಾರಿಗೆ ತಂದು ಹಚ್ಚಿತ್ತು. ನಾನು ಎಂಟು ಸಾವಿರ ಕೊಟ್ಟು ಅದನ್ನು ಬಿಡಿಸಿದ್ದೆ.

ಮುಧೋಳದ ಚಪ್ಪರದಲ್ಲಿ ಸಾಮಾನು ಹೂಡುವಾಗ ನಾನು ಇಬ್ಬರ ಪಕ್ಕದ ಸ್ಪೀಕರುಗಳನ್ನೂ ತೆಗೆದುಬಿಟ್ಟೆ. ರಾಯನ ಮೊಣಕೈ ತಾಗುವಷ್ಟು ಹತ್ತಿರಕ್ಕೆ ಡ್ರಮ್ಮನ್ನು ಎಳೆದೆ. ಜನರ ಕಡೆಗೆ ಎರಡೇ ಸ್ಪೀಕರು, ಅವೂ ಅರ್ಧ ದನಿಯಲ್ಲಿ. ಹಾಡು ಶುರುವಾದಾಗ ಗೌಡರು ರುಮಾಲು ಸರಿಮಾಡಿಕೊಳ್ಳುತ್ತಾ ನನ್ನ ಬಳಿ ಬಂದರು.

"ಏನಪಾ, ಇಷ್ಟ ಸೌಂಡು? ರೊಕ್ಕ ಪೂರಾ ತಗೊಂಡಿ."

"ಗೌಡ್ರ, ಹೆಚ್ಚಗಿ ಮಾಡತೇನಿ. ಮೊದಲ ಒಂದ್ ಹಾಡ ಕೇಳ್ರಿ. ಆಮ್ಯಾಲ ನೀವು ಎಷ್ಟಂದ್ರ ಅಷ್ಟು."

ಗೌಡರು ಹೋಗಿ ಕುಳಿತರು. ಹಿಂದಿನ ಸಾಲಿನವರು ಮುಂದೆ ಬಂದರು. "ಸರದು ಕುಂಡ್ರ" ಎಂದಾಗ ಒಬ್ಬ ಮುದುಕ ನಿಜವಾಗಿಯೂ ಪಕ್ಕದವರಿಗೆ ಜಾಗ ಬಿಟ್ಟು ಸರಿದು ಕುಳಿತ. ಮದುಮಗಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿದಳು. ಗೌಡರು ಆಮೇಲೆ ಸೌಂಡಿನ ಮಾತು ಎತ್ತಲಿಲ್ಲ. ಅದೇ ಹಾಡನ್ನು ಮೂರು ಸಲ ಹಾಡಿಸಿದರು, ಮೂರನೆಯದಕ್ಕೆ ನಾನು ಬೇರೆ ಬಾಡಿಗೆ ಕೇಳಲಿಲ್ಲ. ಕೇಳಬಹುದಾಗಿತ್ತು.

ಕೊಲ್ಲಾಪುರದ ಮ್ಯಾನೇಜರು ಅಲ್ಲಿಗೂ ಬಂದಿದ್ದ. ಊಟದ ಪಂಕ್ತಿಯಲ್ಲಿ ಬೇಕೆಂದೇ ರಾಯನ ಪಕ್ಕಕ್ಕೆ ಕುಳಿತ. ನಾನು ಎದುರು ಪಂಕ್ತಿಯಲ್ಲಿ. ನನ್ನ ಎಲೆಯ ಮೇಲೆ ಬೆಲ್ಲದ ಸಿಹಿ ಮಾದಲಿ ಇತ್ತು, ತುಪ್ಪ ಇತ್ತು, ಕೈ ಏಳುತ್ತಿರಲಿಲ್ಲ.

"ಹಂಗಾರ ಈ ರವಿವಾರದಿಂದ ಬರ್ರಿ," ಎಂದ ಮ್ಯಾನೇಜರು. "ಹೊಸ ಆಂಪ್ಲಿಫೈಯರ್ ಐತಿ, ಹೊಸ ಗಾಡಿ ಐತಿ."

ರಾಯ ಮಾದಲಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ, "ನೀವು ಪ್ರ್ಯಾಕ್ಟೀಸ್ ಮಾಡೋ ಜಾಗದಾಗ ಸಂಜೀಕೆ ಕರೆಂಟ್ ಹೋಗ್ತದೇನ್ರೀ?"

ಮ್ಯಾನೇಜರಿಗೆ ಅಭಿಮಾನ ಬಂತು. "ಛೆ, ಛೆ. ಒಂದ್ ನಿಮಿಷಾನೂ ಹೋಗೂದಿಲ್ಲ."

"ಹಂಗಾದ್ರ ಆಗಂಗಿಲ್ರೀ," ಎಂದ ರಾಯ, ಬಹಳ ಮರ್ಯಾದೆಯಿಂದ.

ಪಕ್ಕದ ಎಲೆಯಲ್ಲಿದ್ದ ನೇಕಾರನು ತಲೆ ಎತ್ತದೆ, "ಇನ್ನೊಂದೀಟು ತುಪ್ಪಾ ಹಾಕ್ರಿ ನಮ್ಮ ರಾಯರಿಗೆ," ಎಂದ. ನನ್ನ ಕೈ ತಾನಾಗಿ ಮಾದಲಿಗೆ ಹೋಯಿತು.

ಆ ಜೋಡಿ ಮುರಿಯಲಿಲ್ಲ. ಈಗ ತೊಂಬತ್ತರ ದಶಕ; ಸಂಜೆಯ ಕರೆಂಟ್ ಮೊದಲಿನಂತೆ ಹೋಗುವುದಿಲ್ಲ. ಹೀಗಾಗಿ ರಾಯ ಬ್ಯಾಂಕಿನಿಂದ ಬಂದ ಕೂಡಲೇ ನೇಕಾರನು ತಾನೇ ಎದ್ದು ಶೆಡ್ಡಿನ ಮೇನ್ ಸ್ವಿಚ್ಚು ಕೆಳಗಿಳಿಸುತ್ತಾನೆ. "ಸರಕಾರದವರು ಬಿಟ್ರೂ ನೀವು ಬಿಡಲಿಲ್ಲಲಾ," ಎಂದು ತಾಯಿ ಗೊಣಗುತ್ತಾಳೆ, ಗೊಣಗುತ್ತಲೇ ಕಟ್ಟೆಯ ತುದಿಗೆ ಬಂದು ಕುಳಿತುಕೊಳ್ಳುತ್ತಾಳೆ. ಜನರೇಟರು ಬಾಡಿಗೆಯಲ್ಲಿ ತನ್ನ ಬೆಲೆ ತೀರಿಸಿ, ಈಗಲೂ ಊರೂರು ತಿರುಗುತ್ತಿದೆ. ಬನಹಟ್ಟಿಯ ಆ ಓಣಿಗೆ ಮಾತ್ರ ಮತ್ತೆ ಹೋಗಿಲ್ಲ.

ನಿಮ್ಮ ಊರಲ್ಲೂ ಇಂಥ ಒಂದು ಜೋಡಿ ಇದ್ದರೆ, ಹಾಡಿನವರಿರಲಿ, ಅಡುಗೆಯವರಿರಲಿ, ಅಂಗಡಿಯ ಪಾಲುದಾರರಿರಲಿ, ನನ್ನ ಮಾತು ಕೇಳಿ. ಅವರು ಯಾವುದು ಇಲ್ಲವೆಂದು ದೂರುತ್ತಾರೋ ಅದನ್ನು ಓಡಿ ಹೋಗಿ ಕೊಳ್ಳಬೇಡಿ. ಮೊದಲು ಒಂದು ವಾರ ಬಾಡಿಗೆಗೆ ತಂದು ಕೊಟ್ಟು ನೋಡಿ, ಕೆಲಸ ಸುಧಾರಿಸದಿದ್ದರೆ ಅಂದೇ ಹಿಂದಿರುಗಿಸಿ. ಇಬ್ಬರಿಗೂ ಬೇರೆ ಬೇರೆ ಸಾಮಾನು ಕೊಡುವ ಮೊದಲು ಇಬ್ಬರಿಗೂ ಒಂದರಲ್ಲೇ ಸಾಗುತ್ತದೋ ಎಂದು ಕೇಳಿ. ಯಾವ ಸಾಲು ಯಾರದು ಎಂದು ಎಂದೂ ಕೇಳಬೇಡಿ, ಅದಕ್ಕೆ ಉತ್ತರ ಕೊಡಲು ಕುಳಿತರೆ ಮುಂದಿನ ಸಾಲು ಬರುವುದಿಲ್ಲ. ಜಗಳವಾಡಿದರೆ ನಡುವೆ ಹೋಗದೆ, ಒಬ್ಬನ ಸಾಮಾನು ಇನ್ನೊಬ್ಬನ ಮನೆಯಲ್ಲಿ ಉಳಿಯುವಂತೆ ನೋಡಿಕೊಳ್ಳಿ. ತೆಗೆದುಕೊಂಡು ಹೋಗಲು ಅವನು ಒಂದು ದಿನ ಬಂದೇ ಬರುತ್ತಾನೆ. ಇಷ್ಟಾದ ಮೇಲೂ ಜನರೇಟರು ಬೇಕೇ ಬೇಕೆಂದರೆ ಕೊಲ್ಲಾಪುರಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವ ಬಸ್ಸು ಹಿಡಿಯಿರಿ, ಹಗ್ಗವನ್ನು ಮಾತ್ರ ಬಿಟ್ಟು ಬರಬೇಡಿ.